ಹಳೇ ಕಾರಿನ ಬ್ಲೋವರ್ ಕೆಟ್ಟರೆ ಮೊದಲೇ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ತಪ್ಪದೆ ಓದುವವನು ನಾನು. ಹೊಸ ಕಾರುಗಳ ಬಗ್ಗೆ ಚೆನ್ನಾಗಿ ಬರೆಯುತ್ತೀರಿ, ಅದು ಬೇಕು ಕೂಡ. ಆದರೆ ನಮ್ಮ ಮಲೆನಾಡಿನ ಕಡೆ, ಅಂದರೆ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ, ತೀರ್ಥಹಳ್ಳಿ ಸುತ್ತಮುತ್ತ ಹಳೇ ಗಾಡಿಗಳು ಜಾಸ್ತಿ. ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ, ಓಮ್ನಿ ನಿಂತಿದ್ದು 2019ರಲ್ಲಿ. ಎರಡೂ ಇವತ್ತಿಗೂ ನಮ್ಮ ತೋಟದ ರಸ್ತೆಗಳಲ್ಲಿ ದಿನಾ ಓಡುತ್ತಿವೆ. ಇಂಥ ಗಾಡಿಗಳಲ್ಲಿ ಕೆಟ್ಟುಹೋದರೂ ಯಾರೂ ತಲೆಕೆಡಿಸಿಕೊಳ್ಳದ ಒಂದು ಭಾಗ ಇದೆ. ಅದೇ ಬ್ಲೋವರ್. ಹೀಟರಿಗೂ ಎ.ಸಿ.ಗೂ ಗಾಳಿ ಊದುವ ಫ್ಯಾನು. ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮಳೆಗಾಲದಲ್ಲಿ ಘಾಟಿಯಲ್ಲಿ ಅಪಘಾತವಾದಾಗ ಮಂಜು ಕವಿದು ರಸ್ತೆ ಕಾಣಲಿಲ್ಲ ಎಂದು ಸುದ್ದಿ ಬರುತ್ತದೆ. ಹೊರಗಿನ ಮಂಜು ನಿಜ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಆಗುಂಬೆ ತಿರುವುಗಳಲ್ಲಿ, ಸಂಪಾಜೆ ಕಡೆ ಜುಲೈ ತಿಂಗಳಲ್ಲಿ ಹೋದವರಿಗೆ ಅದು ಗೊತ್ತು. ಆದರೆ ಗಾಜಿನ ಒಳಗಡೆ ಕಟ್ಟುವ ಹಬೆ? ಕಾರಿನೊಳಗೆ ನಾಲ್ಕು ಜನ ಉಸಿರಾಡುತ್ತಿರುತ್ತಾರೆ. ಒದ್ದೆ ಛತ್ರಿ ಕಾಲ ಬಳಿ ಇರುತ್ತದೆ. ನೆನೆದ ಸ್ವೆಟರ್, ಒದ್ದೆ ಮ್ಯಾಟು, ಎಲ್ಲದರಿಂದಲೂ ಆವಿ ಏಳುತ್ತದೆ. ಹೊರಗಿನ ತಂಪಿಗೆ ಗಾಜು ತಣ್ಣಗಿರುತ್ತದೆ, ಆವಿ ಹೋಗಿ ಅಲ್ಲೇ ಕೂರುತ್ತದೆ. ವೈಪರ್ ಎಷ್ಟೇ ಜೋರಾಗಿ ಓಡಿದರೂ ಅದು ಹೊರಗಡೆ ಮಾತ್ರ. ಒಳಗಿನದನ್ನು ತೆಗೆಯಬೇಕಾದ್ದು ಬ್ಲೋವರ್. ಬ್ಲೋವರ್ ಇಲ್ಲದವರು ಏನು ಮಾಡುತ್ತಾರೆ? ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ತಗೊಂಡು ಒರೆಸುತ್ತಾರೆ. ಒರೆಸಿದ ಜಾಗ ಮರುಗಳಿಗೆಗೆ ಮತ್ತೆ ಮಬ್ಬು. ಎದುರಿಗೆ ಬರುವ ಲಾರಿಯ ಬೆಳಕು ಆ ಒರೆಸಿದ ಗೆರೆಗಳ ಮೇಲೆ ಬಿದ್ದರೆ ಏನೂ ಕಾಣುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಮಲೆನಾಡಿನಲ್ಲಿ ಬ್ಲೋವರ್ ಎಂದರೆ ಶೋಕಿ ಅಲ್ಲ, ವೈಪರಿನಷ್ಟೇ ಮುಖ್ಯ.

ಇಷ್ಟು ಮುಖ್ಯವಾದದ್ದು ಕೆಟ್ಟಾಗ ಜನ ಯಾಕೆ ಸುಮ್ನೆ ಬಿಡುತ್ತಾರೆ? ಗ್ಯಾರೇಜಿನಲ್ಲಿ ಕೇಳಿದರೆ ದೊಡ್ಡ ಮೊತ್ತ ಹೇಳುತ್ತಾರೆ, ಅದಕ್ಕೆ. ನಮ್ಮ ಮನೆಯ ಹಳೇ ಪೆಟ್ರೋಲ್ ಕಾರಿಗೂ ಹೀಗೇ ಆಯಿತು. ಬ್ಲೋವರ್ ಒಂದು, ಎರಡು, ಮೂರನೇ ಸ್ಪೀಡಿನಲ್ಲಿ ಸದ್ದೇ ಇಲ್ಲ, ಕೊನೇ ಸ್ಪೀಡಿಗೆ ಹಾಕಿದರೆ ಮಾತ್ರ ಬುರ್ರೆಂದು ಗಾಳಿ ಬರುತ್ತಿತ್ತು. ಪೇಟೆಯ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಹುಡುಗ ನಾಬ್ ತಿರುಗಿಸಿ ನೋಡಿದ, ಒಳಗೆ ಹೋಗಿ ಯಜಮಾನರಿಗೆ ಏನೋ ಹೇಳಿದ. ಮೋಟಾರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಇಳಿಸಿದ ಮೇಲೆ ಹೀಟರ್ ಬಾಕ್ಸನ್ನೇ ಸೆಟ್ಟಾಗಿ ಬದಲಾಯಿಸಿದರೆ ಒಳ್ಳೇದು ಎಂದರು. ಹೇಳಿದ ಖರ್ಚು ಕಾರಿನ ಈಗಿನ ಬೆಲೆಯ ಕಾಲು ಭಾಗದಷ್ಟಿತ್ತು. ಒಂದು ಬಲ್ಬು ಹಿಡಿದು ಕರೆಂಟ್ ಬರುತ್ತಾ ಇಲ್ವಾ ಎಂದು ಕೂಡ ಯಾರೂ ನೋಡಲಿಲ್ಲ. ನನಗೆ ಬೇಸರವಾಗಿದ್ದು ಮೊತ್ತಕ್ಕಲ್ಲ, ಇದಕ್ಕೆ.

ಅಲ್ಲಿಂದ ನೇರ ನಮ್ಮೂರಿನ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಬಂದೆ. ವಯಸ್ಸಾದವರು, ಅಂಗಡಿ ಎಂದರೆ ರಸ್ತೆ ಬದಿಯ ಒಂದು ಶೆಡ್ಡು. ವಿಷಯ ಹೇಳಿದ ತಕ್ಷಣ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೋಟಾರ್ ಹೋಗಿದ್ರೆ ಲಾಸ್ಟ್ ಸ್ಪೀಡಲ್ಲಿ ಹೇಗೆ ತಿರುಗುತ್ತೆ ಸ್ವಾಮಿ?"

ಈ ಪ್ರಶ್ನೆಯಲ್ಲೇ ಅರ್ಧ ರಿಪೇರಿ ಇದೆ. ಹಳೇ ಕಾರುಗಳಲ್ಲಿ ಬ್ಲೋವರಿನ ಸ್ಪೀಡ್ ಕಮ್ಮಿ ಮಾಡುವುದು ಒಂದು ರೆಸಿಸ್ಟರ್. ತಂತಿಯ ಸುರುಳಿಗಳಿರುವ ಅಂಗೈಗಿಂತ ಚಿಕ್ಕ ತುಂಡು. ಒಂದನೇ ಸ್ಪೀಡಿನಲ್ಲಿ ಕರೆಂಟು ಎಲ್ಲಾ ಸುರುಳಿ ದಾಟಿ ಹೋಗಬೇಕು, ಎರಡನೇದರಲ್ಲಿ ಸ್ವಲ್ಪ ಕಮ್ಮಿ, ಹೀಗೆ. ಕೊನೇ ಸ್ಪೀಡಿನಲ್ಲಿ ರೆಸಿಸ್ಟರ್ ದಾರಿಯಲ್ಲೇ ಬರುವುದಿಲ್ಲ, ಬ್ಯಾಟರಿಯ ಪೂರ್ತಿ 12 ವೋಲ್ಟ್ ನೇರವಾಗಿ ಮೋಟಾರಿಗೆ ಹೋಗುತ್ತದೆ. ಹಾಗಾಗಿ ಕೊನೇ ಸ್ಪೀಡ್ ಮಾತ್ರ ಓಡುತ್ತಿದ್ದರೆ ಮೋಟಾರ್ ಬದುಕಿದೆ, ಫ್ಯೂಸ್ ಚೆನ್ನಾಗಿದೆ, ಕೆಟ್ಟಿರುವುದು ಬಹುತೇಕ ರೆಸಿಸ್ಟರ್ ಅಥವಾ ಅದರ ಕಪ್ಲರ್, ಅಂದರೆ ವೈರುಗಳನ್ನು ಅದಕ್ಕೆ ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗು. ಇದಕ್ಕೆ ಉಲ್ಟಾ, ಕೆಳಗಿನ ಸ್ಪೀಡುಗಳು ಓಡುತ್ತವೆ, ಕೊನೇದು ಮಾತ್ರ ಓಡಲ್ಲ ಎಂದರೆ ಸ್ವಿಚ್ಚಿನ ಆ ಒಂದು ಪಾಯಿಂಟ್ ಸುಟ್ಟಿರಬಹುದು, ಇಲ್ಲವೇ ಫುಲ್ ಸ್ಪೀಡಿಗೆಂದೇ ಇರುವ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು) ಅಥವಾ ವೈರು ಹೋಗಿರಬಹುದು. ಯಾವ ಸ್ಪೀಡಿನಲ್ಲೂ ಓಡದಿದ್ದರೆ ಆಗ ಫ್ಯೂಸಿನಿಂದ ಶುರು ಮಾಡಬೇಕು. ನಾಬ್ ತಿರುಗಿಸಿ ನೋಡುವುದಕ್ಕೆ ಒಂದು ನಿಮಿಷ ಸಾಕು, ಕಾಸು ಖರ್ಚಿಲ್ಲ, ಡ್ಯಾಶ್‌ಬೋರ್ಡ್ ಮುಟ್ಟುವುದೂ ಬೇಡ.

ಅವರು ಎಡಗಡೆ ಸೀಟನ್ನು ಹಿಂದಕ್ಕೆ ತಳ್ಳಿ, ಗ್ಲೋವ್ ಬಾಕ್ಸ್ ಇಳಿಸಿದರು. ನಮ್ಮ ದೇಶದ ಹಳೇ ಸಣ್ಣ ಕಾರುಗಳಲ್ಲಿ ಬ್ಲೋವರ್ ಬಹುತೇಕ ಅಲ್ಲೇ, ಗ್ಲೋವ್ ಬಾಕ್ಸಿನ ಹಿಂದೆ ಅಥವಾ ಕೆಳಗೆ ಇರುತ್ತದೆ. ರೆಸಿಸ್ಟರ್ ಅದೇ ಡಬ್ಬಿಯ ಪಕ್ಕ, ಎರಡು ಸ್ಕ್ರೂ ಮೇಲೆ ನಿಂತಿರುತ್ತದೆ. ಕಪ್ಲರ್ ಎಳೆದು ನನ್ನ ಕೈಗೆ ಕೊಟ್ಟರು. ಬಿಳೀ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಒಂದು ಪಿನ್ನಿನ ತೂತು ಕರಗಿ ಬಾಯಿ ಮುಚ್ಚಿಕೊಂಡಿತ್ತು, ಪಿನ್ನು ಕಪ್ಪಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಇನ್ನೂ ಬರುತ್ತಿತ್ತು. ಕಾರಿನಲ್ಲಿ ಕೂತು ನಾಬ್ ತಿರುಗಿಸಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಬೆಂಕಿಗೆ ಎಷ್ಟು ಹತ್ತಿರ ಹೋಗಿತ್ತು ಎಂದು ಆಗ ಅರ್ಥವಾಯಿತು.

ಅಷ್ಟು ಬಿಸಿ ಎಲ್ಲಿಂದ ಬರುತ್ತದೆ? ಹೆಡ್‌ಲೈಟಿನ ಒಂದು ಸಾಮಾನ್ಯ ಬಲ್ಬು ಸುಮಾರು 5 ಆಂಪಿಯರ್ ಎಳೆಯುತ್ತದೆ. ಬ್ಲೋವರ್ ಜೋರಾಗಿ ಓಡುವಾಗ ಎರಡು ಹೆಡ್‌ಲೈಟಿಗೆ ಬೇಕಾದಷ್ಟು, ಇನ್ನೂ ಜಾಸ್ತಿಯೇ ಎಳೆಯಬಹುದು. ಕಪ್ಲರಿನ ಪಿನ್ನು ಸ್ವಲ್ಪ ಸಡಿಲವಾಗಿ, ಕಿಲುಬು ಹಿಡಿದು, ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ಅಡ್ಡಿ ಬಂದರೂ ಸಾಕು, 10 ಆಂಪಿಯರ್ ಹರಿದರೆ ಆ ಒಂದು ಪಿನ್ನಿನಲ್ಲೇ 10 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿ ಮಾಡುವವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದರ ಅರ್ಧದ ಹತ್ತಿರಕ್ಕೆ ಬಂತು ಅಲ್ವಾ? ಗಂಟೆಗಟ್ಟಲೆ ಹಾಗೆ ಓಡಿದರೆ ಪ್ಲಾಸ್ಟಿಕ್ ಕರಗದೆ ಇನ್ನೇನು.

ಹಾಗಾಗಿ ಕಪ್ಲರ್ ಕರಗಿದ್ದರೆ ರೆಸಿಸ್ಟರ್ ಜೊತೆಗೆ ಅದನ್ನೂ ಬದಲಾಯಿಸಬೇಕು. ಅಂಗಡಿಯಲ್ಲಿ ವೈರ್ ಸಮೇತ ಹೊಸ ಕಪ್ಲರ್ ಸಿಗುತ್ತದೆ, ಕೇಳಿ. ಹಳೇ ಕಪ್ಲರಿಗೇ ಹೊಸ ರೆಸಿಸ್ಟರ್ ಚುಚ್ಚಿ ಕಳಿಸುವವರಿದ್ದಾರೆ, ಅದು ಬಾಳಿಕೆ ಬರಲ್ಲ.

ಈಗ ನಾನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ರೆಸಿಸ್ಟರ್ ಬದಲಾಯಿಸಿದರೆ ಕೆಲಸ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೊಸದು ಹಾಕಿಸಿ ಸ್ವಲ್ಪ ದಿನಕ್ಕೇ ಮತ್ತೆ ಸುಟ್ಟಿತು, ಡೂಪ್ಲಿಕೇಟ್ ಮಾಲು ಕೊಟ್ಟರು ಎಂದು ಅಂಗಡಿಯವನನ್ನು ಬೈಯುವವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಮಾಲು ಕೆಟ್ಟದ್ದಿರಬಹುದು. ಆದರೆ ರೆಸಿಸ್ಟರ್ ಯಾಕೆ ಸುಟ್ಟಿತು ಎಂದು ಕೇಳಬೇಕು. ಅದು ಸುಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಮೋಟಾರಿನ ಬುಷ್, ಅಂದರೆ ಅದರ ಕಂಬಿ ಕೂತು ತಿರುಗುವ ಉಂಗುರ, ಒಣಗಿ ಬಿಗಿಯಾಗಿ ತಿರುಗುತ್ತಿದ್ದರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ಕರೆಂಟೆಲ್ಲ ರೆಸಿಸ್ಟರ್ ಮೂಲಕವೇ ಹೋಗಬೇಕು. ಇನ್ನೊಂದು, ರೆಸಿಸ್ಟರನ್ನು ಬೇಕೆಂದೇ ಗಾಳಿ ಹೋಗುವ ದಾರಿಯಲ್ಲಿ ಇಟ್ಟಿರುತ್ತಾರೆ, ಬ್ಲೋವರಿನ ಗಾಳಿಯೇ ಅದನ್ನು ತಣ್ಣಗಿಡಬೇಕು. ಆ ದಾರಿ ಕಸದಿಂದ ಮುಚ್ಚಿದರೆ ಅದು ಕಾದು ಕೆಂಪಾಗುತ್ತದೆ.

ನಮ್ಮ ಕಾರಿನಲ್ಲಿ ಎರಡೂ ಇತ್ತು. ಎಲೆಕ್ಟ್ರಿಷಿಯನ್ ಮೂರು ಸ್ಕ್ರೂ ತೆಗೆದು ಮೋಟಾರನ್ನು ಫ್ಯಾನ್ ಸಮೇತ ಕೆಳಗಿಳಿಸಿದರು. ಫ್ಯಾನಿನ ಸುತ್ತಲಿನ ಸಣ್ಣ ಸಣ್ಣ ರೆಕ್ಕೆಗಳ ಮಧ್ಯೆ ಸಿಲ್ವರ್ ಓಕ್ ಎಲೆಯ ಚೂರುಗಳು ಒತ್ತೊತ್ತಾಗಿ ತುಂಬಿದ್ದವು, ಜೊತೆಗೆ ಇಲಿ ಕಚ್ಚಿ ತಂದ ಸ್ಪಂಜಿನ ತುಂಡುಗಳು. ಕಾಫಿ ತೋಟದಲ್ಲಿ ಕಾರು ನಿಲ್ಲಿಸುವವರಿಗೆ ಇದು ಹೊಸದಲ್ಲ. ಎಲೆ ವೈಪರಿನ ಕೆಳಗಿನ ಜಾಲರಿಯಿಂದ ಒಳಗೆ ಬೀಳುತ್ತದೆ. ಹಳೇ ಕಾರುಗಳಲ್ಲಿ ಎಷ್ಟೋ ಸಲ ಒಳಗಿನ ಗಾಳಿಗೆ ಫಿಲ್ಟರೇ ಇರುವುದಿಲ್ಲ, ಹಾಗಾಗಿ ಬಿದ್ದಿದ್ದೆಲ್ಲ ನೇರ ಫ್ಯಾನಿಗೆ. ಅದೇ ಜಾಲರಿಯ ಕೆಳಗೆ ಮಳೆ ನೀರು ಹೊರಹೋಗುವ ತೂತು ಇರುತ್ತದೆ. ಅದು ಎಲೆಯಿಂದ ಮುಚ್ಚಿದರೆ ನೀರು ತುಂಬಿ ಬ್ಲೋವರ್ ಮೇಲೇ ಬರುತ್ತದೆ, ಬುಷ್ ತುಕ್ಕು ಹಿಡಿಯುತ್ತದೆ. ಎಡಗಡೆ ಮ್ಯಾಟ್ ಯಾವಾಗಲೂ ಒದ್ದೆ ಇದ್ದರೆ ಮೊದಲು ಅಲ್ಲಿ ನೋಡಿ.

ಎಲೆಯೆಲ್ಲ ಬ್ರಷ್‌ನಲ್ಲಿ ತೆಗೆದು ಫ್ಯಾನನ್ನು ಕೈಯಲ್ಲಿ ತಿರುಗಿಸಲು ಹೇಳಿದರು. ಒಳ್ಳೇ ಮೋಟಾರಿನ ಫ್ಯಾನು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ತಿರುಗಿ ಮೆಲ್ಲಗೆ ನಿಲ್ಲಬೇಕು. ನಮ್ಮದು ಬೆರಳು ತೆಗೆದ ಕೂಡಲೇ ನಿಂತುಬಿಡುತ್ತಿತ್ತು, ತಿರುಗುವಾಗ ಮರಳು ಅರೆದ ಹಾಗೆ ಕರಕರ ಎನ್ನುತ್ತಿತ್ತು. ಬುಷ್ಷಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ದಿನ ಓಡುತ್ತದೆ, ಆದರೆ ಸವೆದ ಬುಷ್ ಸವೆದದ್ದೇ. ಆದ್ದರಿಂದ ಕೊನೆಗೆ ಮೋಟಾರನ್ನೂ ಹಾಕಿಸಿದೆವು. ಹಾಗಾದರೆ ಮೊದಲಿನ ಗ್ಯಾರೇಜಿನವರು ಮೋಟಾರ್ ಹೋಗಿದೆ ಎಂದಿದ್ದು ಸರಿಯೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ. ಅವರ ಮಾತು ಕೇಳಿ ಬರೀ ಮೋಟಾರ್ ಬದಲಾಯಿಸಿದ್ದರೂ ಕೆಳಗಿನ ಸ್ಪೀಡುಗಳು ಬರುತ್ತಿರಲಿಲ್ಲ, ಏಕೆಂದರೆ ರೆಸಿಸ್ಟರ್ ಸುಟ್ಟೇ ಇತ್ತು. ಬರೀ ರೆಸಿಸ್ಟರ್ ಬದಲಾಯಿಸಿದ್ದರೆ ಅದೂ ಮತ್ತೆ ಸುಡುತ್ತಿತ್ತು. ಪರೀಕ್ಷೆ ಮಾಡದೆ ಇದು ಗೊತ್ತಾಗುವುದೇ ಇಲ್ಲ. ಡ್ಯಾಶ್‌ಬೋರ್ಡಂತೂ ಇಳಿಸಲೇ ಇಲ್ಲ.

ಯಾವ ಸ್ಪೀಡಿನಲ್ಲೂ ಓಡದ ಬ್ಲೋವರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು. ಮೊದಲು ಫ್ಯೂಸ್. ಅದನ್ನು ಕಣ್ಣಲ್ಲಿ ನೋಡಿ ಸರಿಯಿದೆ ಎನ್ನಬೇಡಿ, ತೆಗೆದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಟೆಸ್ಟ್ ಲ್ಯಾಂಪ್ ಎಂದರೆ ದೊಡ್ಡ ಉಪಕರಣವೇನಲ್ಲ, 12 ವೋಲ್ಟಿನ ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೆ ಆಯಿತು. ಫ್ಯೂಸ್ ಹೋಗಿದ್ದರೆ ಅದೇ ನಂಬರಿನದೇ ಹಾಕಬೇಕು. ಅದು ಕೂಡಲೇ ಮತ್ತೆ ಹೋದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಮೋಟಾರ್ ಜಾಮ್ ಆಗಿದೆ ಎಂದರ್ಥ. ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು, ಇದನ್ನೆಲ್ಲ ದಯವಿಟ್ಟು ಮಾಡಬೇಡಿ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ, ಆ ವೈರು ಇರುವುದು ನಿಮ್ಮ ಮೊಣಕಾಲಿನ ಮುಂದೆ. ರೆಸಿಸ್ಟರಿನ ಮೇಲೆ ಜಾಸ್ತಿ ಕಾದರೆ ಕರೆಂಟ್ ಕಡಿಯುವ ಒಂದು ಸಣ್ಣ ಥರ್ಮಲ್ ಫ್ಯೂಸ್ ಇರುತ್ತದೆ ಕೆಲವು ಗಾಡಿಗಳಲ್ಲಿ. ಅದು ಹೋದಾಗ ಮೇಲೊಂದು ತಂತಿ ಬೆಸುಗೆ ಹಾಕಿ ಸರಿ ಮಾಡಿಕೊಡುವವರೂ ಇದ್ದಾರೆ, ಅದೂ ಅಷ್ಟೇ ಅಪಾಯ.

ಫ್ಯೂಸ್ ಸರಿಯಿದ್ದರೆ ಮೋಟಾರಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಕೊನೇ ಸ್ಪೀಡಿಗೆ ಇಟ್ಟು ಅದರ ಎರಡು ಪಿನ್ನುಗಳ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ಎರಡು ಪಿನ್ನುಗಳ ನಡುವೆ ಎಂದಿದ್ದನ್ನು ಗಮನಿಸಿ. ಒಂದು ಪಿನ್ನಿಗೂ ಬಾಡಿಗೂ ಹಿಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಎಷ್ಟೋ ಕಾರುಗಳಲ್ಲಿ ಪ್ಲಸ್ ಯಾವಾಗಲೂ ಮೋಟಾರಿಗೆ ಬಂದೇ ಇರುತ್ತದೆ, ಸ್ವಿಚ್ಚು ಮತ್ತು ರೆಸಿಸ್ಟರ್ ಇರುವುದು ಅರ್ತ್ ಕಡೆ, ಅಂದರೆ ಮೈನಸ್ ಕಡೆ. ಎರಡು ಪಿನ್ನುಗಳ ನಡುವೆ ದೀಪ ಚೆನ್ನಾಗಿ ಉರಿದರೆ ಕರೆಂಟು ಬರುತ್ತಿದೆ, ತಪ್ಪು ಮೋಟಾರಿನದು. ಉರಿಯದಿದ್ದರೆ, ಅಥವಾ ಮಂಕಾಗಿ ಉರಿದರೆ ಮೋಟಾರ್ ಮುಟ್ಟಬೇಡಿ, ಹಿಂದಕ್ಕೆ ರಿಲೇ, ಸ್ವಿಚ್ಚು, ಅರ್ತ್ ಕಡೆ ಹೋಗಿ. ಕರಾವಳಿ ಕಡೆಯ ಗಾಡಿಗಳಲ್ಲಿ ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿಯುವುದು ಜಾಸ್ತಿ, ಅದನ್ನು ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಿ ಕಟ್ಟಿದರೆ ಸರಿಹೋದ ಉದಾಹರಣೆಗಳಿವೆ. ಮಲ್ಟಿಮೀಟರ್ ಇದ್ದರೆ ಒಳ್ಳೆಯದೇ, ಆದರೆ ಒಂದು ಮಾತು. ಕಿಲುಬು ಹಿಡಿದ ಪಿನ್ನಿನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡಬಹುದು, ಯಾಕೆಂದರೆ ಮೀಟರ್ ಹೆಚ್ಚುಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬು ಎಳೆಯುತ್ತದೆ. ಅದಕ್ಕೇ ಹಳೇ ಮೇಸ್ತ್ರಿಗಳು ಇನ್ನೂ ಬಲ್ಬನ್ನೇ ನಂಬುತ್ತಾರೆ, ಅವರು ಮಾಡುವುದು ಸರಿ.

ಮೋಟಾರ್ ಮೇಲೇ ಅನುಮಾನ ಬಂದರೆ ಫ್ಯೂಸ್ ಇರುವ ಒಂದು ವೈರಿನಲ್ಲಿ ಬ್ಯಾಟರಿಯಿಂದ ನೇರ ಕೊಟ್ಟು ನೋಡಬಹುದು. ಓಡಿದರೆ ಮೋಟಾರ್ ಸರಿ. ಓಡದಿದ್ದರೆ ಅದರ ಬೆನ್ನಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಿ ಮತ್ತೆ ನಿಂತರೆ ಮೋಟಾರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿದೆ. ರಸ್ತೆಗುಂಡಿಗೆ ಇಳಿದಾಗ ತಾನಾಗೇ ಶುರುವಾಗಿ ಮತ್ತೆ ನಿಲ್ಲುವ ಬ್ಲೋವರುಗಳ ಕಥೆಯೂ ಬಹುಪಾಲು ಇದೇ. ಹೊಸ ಮೋಟಾರ್ ಹಾಕಿಸಿದ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿದೆ ಆದರೆ ಗಾಳಿ ಕಮ್ಮಿ ಎಂದರೆ ಪ್ಲಸ್ ಮೈನಸ್ ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿರಬಹುದು, ವೈರ್ ಬದಲಾಯಿಸಿದರೆ ಸಾಕು. ಇಂಥ ಕಾರಿಗೆ ಎ.ಸಿ. ಗ್ಯಾಸ್ ತುಂಬಿಸಿ ಕಳಿಸಿದ್ದನ್ನೂ ನಾನು ಕೇಳಿದ್ದೇನೆ. ಗಾಳಿಯೇ ಬರದಿದ್ದರೆ ಗ್ಯಾಸ್ ಏನು ಮಾಡುತ್ತದೆ?

ಏರ್‌ಬ್ಯಾಗ್ ಇರುವ ಗಾಡಿಯಾದರೆ ಒಂದು ಎಚ್ಚರಿಕೆ. ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಬಣ್ಣದ ಕಪ್ಲರುಗಳು ಕಂಡರೆ ಅವನ್ನು ಮುಟ್ಟಬೇಡಿ, ಟೆಸ್ಟ್ ಲ್ಯಾಂಪಂತೂ ಹಿಡಿಯಲೇಬೇಡಿ. ಆಟೊಮ್ಯಾಟಿಕ್ ಎ.ಸಿ. ಇರುವ ಗಾಡಿಗಳಲ್ಲಿ ಈ ಸುರುಳಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅದು ಬೇರೆ ಕಥೆ, ಇಲ್ಲಿ ಬೇಡ.

ಇನ್ನು ಕೆಲವರದು ಗಾಳಿ ಜೋರಾಗೇ ಬರುತ್ತದೆ, ಆದರೆ ಬಿಸಿ ಇಲ್ಲ. ಅದಕ್ಕೂ ಬ್ಲೋವರಿಗೂ ಸಂಬಂಧವಿಲ್ಲ. ಹೀಟರಿನ ಬಿಸಿ ಬರುವುದು ಎಂಜಿನ್ನನ್ನು ತಣ್ಣಗಿಡಲು ಸುತ್ತುವ ನೀರಿನಿಂದ, ಅಂದರೆ ಕೂಲಂಟಿನಿಂದ. ಬಯಲುಸೀಮೆ ಕಡೆಯಿಂದ ಕೊಂಡು ತಂದ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇದು ಜಾಸ್ತಿ. ಯಾವತ್ತೋ ಎಂಜಿನ್ ಹೀಟ್ ಆಯಿತೆಂದು ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡಿರುತ್ತಾನೆ. ಆ ವಾಲ್ವು ಸುಮಾರು 80 ಡಿಗ್ರಿ ಮೇಲೆ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡಬಾರದು. ಅದು ಇಲ್ಲದಿದ್ದರೆ ನಮ್ಮ ಕಡೆಯ ತಂಪಿನಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಹೀಟರ್ ತಣ್ಣಗೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಆ ಬಿಸಿ ನೀರು ಹಾಯುವ ಹೀಟರ್ ಕಾಯಿಲ್ ಸೋರಿತೆಂದು ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿಬಿಟ್ಟಿರುತ್ತಾರೆ. ಬಾನೆಟ್ ಎತ್ತಿ, ಎಂಜಿನ್ನಿನಿಂದ ಒಳಗಿನ ಗೋಡೆಗೆ ಹೋಗುವ ಎರಡು ಸಣ್ಣ ಪೈಪು ಇವೆಯಾ, ಎಂಜಿನ್ ಬಿಸಿಯಾದ ಮೇಲೆ ಎರಡೂ ಬಿಸಿಯಾಗಿವೆಯಾ ಎಂದು ಹುಷಾರಾಗಿ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಒಳಗೆ ಸಿಹಿ ವಾಸನೆ ಬಂದು, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಕೂರುತ್ತಿದ್ದರೆ ಹೀಟರ್ ಕಾಯಿಲ್ ಸೋರುತ್ತಿದೆ, ಅದನ್ನು ಮುಂದೂಡಬೇಡಿ.

ಬ್ಲೋವರ್ ಚೆನ್ನಾಗಿದ್ದೂ ಗಾಜು ಮಬ್ಬಾಗುತ್ತದೆ ಎನ್ನುವವರು ಒಂದು ನಾಬ್ ನೋಡಬೇಕು. ಗಾಳಿಯನ್ನು ಒಳಗೇ ಸುತ್ತಿಸುವ ಕಡೆ ಇಟ್ಟಿದ್ದರೆ ಉಸಿರಿನ ಆವಿಯೇ ಸುತ್ತುತ್ತಿರುತ್ತದೆ. ಮಳೆಯಲ್ಲಿ ಹೊರಗಿನ ಗಾಳಿ ಬರುವ ಕಡೆಗೇ ಇರಲಿ. ಎ.ಸಿ. ಇದ್ದರೆ ಎ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಎ.ಸಿ. ಗಾಳಿಯ ತೇವ ಹಿಂಡುತ್ತದೆ, ಹೀಟರ್ ಅದನ್ನು ಬಿಸಿ ಮಾಡುತ್ತದೆ, ಒಣ ಬಿಸಿ ಗಾಳಿಗೆ ಹಬೆ ಬೇಗ ಹೋಗುತ್ತದೆ. ಚಳಿಯಲ್ಲಿ ಎ.ಸಿ. ಯಾಕೆ ಎಂದು ನಮ್ಮ ಮನೆಯಲ್ಲೂ ಕೇಳುತ್ತಾರೆ. ಹಾಕಿ ನೋಡಿ, ವ್ಯತ್ಯಾಸ ಕಣ್ಣೆದುರಿಗೇ ಕಾಣುತ್ತದೆ. ಒಂದು ವೇಳೆ ಗಾಳಿ ಕಾಲಿಗೆ ಮಾತ್ರ ಬಂದು ಗಾಜಿಗೆ ಬರದಿದ್ದರೆ ಗಾಳಿಯ ದಾರಿ ಬದಲಿಸುವ ಒಳಗಿನ ಸಣ್ಣ ಬಾಗಿಲನ್ನು ತಿರುಗಿಸುವ ಕೇಬಲ್ ಕ್ಲಿಪ್ಪು ಬಿಟ್ಟಿರಬಹುದು, ಅದೂ ಡ್ಯಾಶ್‌ಬೋರ್ಡ್ ಇಳಿಸದೆ ಸಿಕ್ಕಿಸಬಹುದಾದ್ದೇ ಹೆಚ್ಚು.

ಪತ್ರ ಉದ್ದವಾಯಿತು, ಆದರೂ ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ನನಗೆ ಎಲ್ಲಕ್ಕಿಂತ ಚಿಂತೆ ಇರುವುದು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಹಳೇ ವ್ಯಾನುಗಳ ಬಗ್ಗೆ. ಬೆಳಗ್ಗೆ ಎಂಟು ಗಂಟೆಗೆ ಮಳೆ ಸುರಿಯುತ್ತಿರುತ್ತದೆ. ಒಳಗೆ ತುಂಬ ಮಕ್ಕಳು, ಒದ್ದೆ ರೈನ್‌ಕೋಟು, ಕಿಟಕಿಯೆಲ್ಲ ಮುಚ್ಚಿದೆ. ಮುಂದಿನ ಗಾಜಿನಲ್ಲಿ ಡ್ರೈವರ್ ಒರೆಸಿದ ಅಂಗೈಯಗಲದ ಕಿಂಡಿ ಒಂದೇ ಕಾಣುತ್ತಿರುತ್ತದೆ. ಬ್ಲೋವರ್ ಯಾವತ್ತೋ ಕೆಟ್ಟಿದೆ. ಡ್ರೈವರನ್ನು ಕೇಳಿದರೆ, "ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಬೇಕಂತೆ ಅಣ್ಣ, ರಜೆಯಲ್ಲಿ ನೋಡಣ" ಎನ್ನುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ದಿನದ ಬಾಡಿಗೆ ಬಿಟ್ಟು ಗಾಡಿ ನಿಲ್ಲಿಸುವುದು ಸುಲಭವಲ್ಲ. ಆದರೆ ಅರ್ಧ ಗಂಟೆಯಲ್ಲಿ ಪರೀಕ್ಷೆ ಮಾಡಿ ಒಂದು ಸಣ್ಣ ಭಾಗದಲ್ಲಿ ಮುಗಿಯಬಹುದಾದ ಕೆಲಸ ಇದು ಎಂದು ಅವರಿಗೆ ಯಾರೂ ಹೇಳಿಲ್ಲ.

8 ವರ್ಷ ದಾಟಿದ ಬಾಡಿಗೆ ವಾಹನಕ್ಕೆ ಪ್ರತಿ ವರ್ಷ ಎಫ್.ಸಿ. (ಗಾಡಿ ಓಡಿಸಲು ಯೋಗ್ಯವಿದೆ ಎಂಬ ಪ್ರಮಾಣಪತ್ರ) ಆಗಬೇಕು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್.ಸಿ. (ನೋಂದಣಿ ಪತ್ರ) ನವೀಕರಣ, ಆಮೇಲೆ 5 ವರ್ಷಕ್ಕೊಮ್ಮೆ. ಆ ತಪಾಸಣೆಯಲ್ಲಿ ವೈಪರ್ ನೋಡುತ್ತಾರೆ. ಗಾಜಿಗೆ ಗಾಳಿ ಬರುತ್ತಾ ಎಂದು ಕೈ ಇಟ್ಟು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಜಿಲ್ಲೆಗಳ ಸಾರಿಗೆ ಅಧಿಕಾರಿಗಳು ಶಾಲಾ ವ್ಯಾನುಗಳಿಗಾದರೂ ಇದನ್ನು ನೋಡಲಿ ಎಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ಬ್ಲೋವರ್ ಓಡದಿದ್ದರೆ ದಂಡ ಹಾಕಬೇಕೆಂದಲ್ಲ, ಸರಿ ಮಾಡಿಸಿಕೊಂಡು ಬಾ ಎಂದು ಹೇಳಿ ಕಳಿಸಿದರೂ ಸಾಕು.

ಐ.ಟಿ.ಐ.ಗಳಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕಲಿಯುವ ನಮ್ಮ ಹುಡುಗರು ಬಹಳ ಚುರುಕು. ಅವರಿಗೆ ಹಳೇ ಕಾರಿನ ಒಂದು ಬ್ಲೋವರ್, ಒಂದು ಸುಟ್ಟ ರೆಸಿಸ್ಟರ್, ಒಂದು ಟೆಸ್ಟ್ ಲ್ಯಾಂಪ್ ಕೈಗೆ ಕೊಟ್ಟು, ಭಾಗ ಬದಲಾಯಿಸದೆ ತಪ್ಪು ಎಲ್ಲಿದೆ ಎಂದು ಹುಡುಕಿ ತೋರಿಸು ಎಂದು ಪರೀಕ್ಷೆ ಮಾಡಿಸಬೇಕು. ಇಂಥ ಕೆಲಸ ಬಲ್ಲ ಹಳಬರು ಪ್ರತಿ ಊರಿನಲ್ಲೂ ಇನ್ನೂ ಇದ್ದಾರೆ, ಅವರನ್ನು ಕರೆಸಿ ಒಂದು ದಿನ ಪಾಠ ಹೇಳಿಸಿದರೆ ಹುಡುಗರಿಗೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ವಾಹನ ಪುಟದಲ್ಲಿ ವಾರಕ್ಕೊಂದು ಕಾಲಂ ಹಳೇ ಗಾಡಿಗಳಿಗೆ ಕೊಡಿ. ಮುಂಗಾರು ಶುರುವಾಗುವ ಮೊದಲೇ, ಮೇ ತಿಂಗಳಲ್ಲೇ, ಬ್ಲೋವರ್, ವೈಪರ್, ಟೈರ್, ಲೈಟಿನ ಬಗ್ಗೆ ಒಂದೊಂದಾಗಿ ಬರೆಸಿ. ಬರೆಯುವವರು ಬೇಕಿದ್ದರೆ ನಮ್ಮ ಊರಿನ ಎಲೆಕ್ಟ್ರಿಷಿಯನ್ ಹೇಳುತ್ತಾರೆ, ನಾನು ಬರೆದುಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ